ಅಂಗಳದ ಕೋಳಿಯ ಋತುಭೋಜನ

ಪೇಟೆಯಿಂದ ತಂದು, ಗೋಣಿಯ ಬಾಯಿ ಬಿಚ್ಚಿ, ಸೇರಿನಲ್ಲಿ ಅಳೆದು ತೊಟ್ಟಿಗೆ ಸುರಿದ ಆಹಾರವನ್ನು ಕೊಕ್ಕಿನಿಂದ ಒಂದೆರಡು ಸಲ ಕೆದಕಿ ನೋಡಿ, ಅಷ್ಟರಲ್ಲಿ ಅಡುಗೆಮನೆಯ ಹಿಂಬಾಗಿಲಿನಲ್ಲಿ ಮೆಟ್ಟುಕತ್ತಿಯ ಮೇಲೆ ಸೌತೆಕಾಯಿ ಸೀಳುವ ಸದ್ದು ಕೇಳಿಸಿದೊಡನೆಯೇ ಎಲ್ಲವನ್ನೂ ಅಲ್ಲಿಯೇ ಬಿಟ್ಟು ರೆಕ್ಕೆ ಬಿಚ್ಚಿ ಓಡಿಬಿಡುವ ಕೋಳಿಗಳನ್ನು ಕಂಡಾಗ, ಸಾಕಿದವರ ಮನಸ್ಸಿಗೆ ತುಸು ಬೇಸರವಾಗುವುದು ಸಹಜವೇ ಆಗಿದೆ. ಹಣ ತೆತ್ತು ತಂದ ಆ ಪದಾರ್ಥದಲ್ಲಿ ಮೆಕ್ಕೆಜೋಳವುಂಟು, ಸೋಯಾ ಹಿಂಡಿಯುಂಟು, ಲವಣಗಳೂ ಜೀವಸತ್ವಗಳೂ ಉಂಟು. ಬಲ್ಲವರು ತೂಗಿ ಬೆರೆಸಿದ ಮಿಶ್ರಣವದು. ಸೌತೆಕಾಯಿಯ ತಿರುಳಿನಲ್ಲಾದರೋ ಬಹುಪಾಲು ಇರುವುದು ನೀರೇ. ಹೀಗಿರುವಾಗಲೂ ಇದನ್ನು ಬಿಟ್ಟು ಅದಕ್ಕೆ ಧಾವಿಸುವ ಈ ಜೀವಿಯ ಅಭಿರುಚಿಯೇನೆಂಬ ಪ್ರಶ್ನೆಯು ನನ್ನನ್ನು ಬಹುಕಾಲದಿಂದ ಅಲೆದಾಡಿಸುತ್ತಿದೆ. ಅಲೆದಾಡಿದಷ್ಟೂ ಬೇಸರವು ಕಳೆದು, ಆ ಅಭಿರುಚಿಯ ಹಿಂದೆ ಒಂದು ಕ್ರಮವುಂಟೆಂಬ ನಂಬಿಕೆಯು ದೃಢವಾಗಿದೆ.

ನಮ್ಮ ಅಜೆಕಾರು ಕಾರ್ಕಳಕ್ಕೂ ಹೆಬ್ರಿಗೂ ನಡುವೆ, ಸಹ್ಯಾದ್ರಿಯ ಪಾದಪ್ರದೇಶದಲ್ಲಿರುವ ಊರು. ಮೂಡಣಕ್ಕೆ ಘಟ್ಟದ ನೀಲಿ ಸಾಲು. ಇತ್ತ ಅಡಿಕೆತೋಟ, ಗೇರುಗುಡ್ಡ, ರಬ್ಬರು, ನಡುನಡುವೆ ಬೈಲಿನ ಗದ್ದೆಗಳು. ಮುಂಗಾರಿಗೆ ಏಣೇಲು, ಅದರ ಕೊಯ್ಲಿನ ತರುವಾಯ ಸುಗ್ಗಿ, ನೀರಿನ ಆಸರೆಯಿರುವಲ್ಲಿ ಬೇಸಗೆಯ ಕೊಳಕೆ ಎಂದು ಮೂರು ಬೆಳೆಗಳಿಂದ ವರ್ಷವನ್ನು ಅಳೆಯುತ್ತಿದ್ದ ಕಾಲದಲ್ಲಿ ಮನುಷ್ಯನ ಊಟದೊಡನೆ ಕೋಳಿಯ ಊಟವೂ ತಾನಾಗಿಯೇ ಗೊತ್ತಾಗಿಬಿಡುತ್ತಿತ್ತು. ಕೊಯ್ದ ಗದ್ದೆಯಲ್ಲಿ ಉದುರಿದ ಭತ್ತ, ಅಂಗಳದಲ್ಲಿ ಗೆರಸೆಯಿಂದ ಹಾರಿಬಿದ್ದ ಜೊಳ್ಳು, ಅಕ್ಕಿಯಾದ ಮೇಲೆ ನುಚ್ಚು ಮತ್ತು ತೌಡು, ಗದ್ದೆಯಲ್ಲಿ ಬಿತ್ತಿದ ಉದ್ದು ಹುರುಳಿಗಳನ್ನು ಕಿತ್ತಾಗ ಸಿಡಿದುಹೋದ ಕಾಳು, ಇವೆಲ್ಲವೂ ಯಾರೂ ಬಡಿಸದೆಯೇ ಅವುಗಳ ಪಾಲಾಗುತ್ತಿದ್ದುವು. ನಮ್ಮ ಅಜ್ಜಿಗೆ ಓದುಬರಹ ಬಾರದು. ಆದರೆ ಯಾವ ತಿಂಗಳಿನಲ್ಲಿ ಕೋಳಿಗೆ ಏನು ಹಾಕಬೇಕು, ಏನು ಹಾಕಬಾರದು ಎಂಬ ವಿಷಯದಲ್ಲಿ ಆಕೆಯ ಮಾತಿಗೆ ಮನೆಯಲ್ಲಿ ಎದುರಾಡುವವರಿರಲಿಲ್ಲ. “ಕಾಲ ಕೊಟ್ಟದ್ದರಲ್ಲಿ ಒಂದು ಪಾಲು ನಮಗೆ, ಒಂದು ಪಾಲು ಹಟ್ಟಿಗೆ, ಒಂದು ಪಾಲು ಗೂಡಿಗೆ, ಮಗಾ” ಎಂದು ಆಕೆ ಹೇಳುತ್ತಿದ್ದುದು ನನ್ನ ಕಿವಿಯಲ್ಲಿ ಇಂದಿಗೂ ಉಳಿದಿದೆ.

ಬೇಸಗೆಯನ್ನೇ ಮೊದಲು ತೆಗೆದುಕೊಳ್ಳೋಣ. ಚೈತ್ರ ವೈಶಾಖಗಳ ನಡುಹಗಲಿನಲ್ಲಿ, ಮುರಕಲ್ಲಿನ ಗೋಡೆಗಳು ಕಾದು, ಕರಾವಳಿಯ ಆರ್ದ್ರವಾದ ಗಾಳಿಯು ನಿಶ್ಚಲವಾಗಿ ನಿಂತಿರುವಾಗ, ಬೆವರುಗ್ರಂಥಿಗಳೇ ಇಲ್ಲದ ಈ ಪಕ್ಷಿಯು ಕೊಕ್ಕು ತೆರೆದು ಏದುತ್ತ, ರೆಕ್ಕೆಗಳನ್ನು ಮೈಯಿಂದ ತುಸು ದೂರ ಹಿಡಿದು, ಹಲಸಿನ ಮರದಡಿಯ ಧೂಳಿನಲ್ಲಿ ಹೊಟ್ಟೆ ಹೂತು ಕುಳಿತಿರುತ್ತದೆ. ತಿಂದ ಧಾನ್ಯವು ಅರಗುವಾಗ ದೇಹದೊಳಗೆ ಶಾಖವು ಹುಟ್ಟುವುದರಿಂದ, ಆ ಹೊತ್ತಿನಲ್ಲಿ ಕಾಳು ಹಾಕುವುದು ಉಪಕಾರವಲ್ಲ. ಕಾಳೇನಿದ್ದರೂ ಬೆಳಗಿನ ತಂಪಿನಲ್ಲಿ ಮತ್ತು ಹೊತ್ತು ಇಳಿದ ಮೇಲೆ. ಮಧ್ಯಾಹ್ನಕ್ಕೆ ಸೌತೆಕಾಯಿಯ ತಿರುಳು, ಕಲ್ಲಂಗಡಿಯ ಸಿಪ್ಪೆ, ನೀರುಮಜ್ಜಿಗೆಯಲ್ಲಿ ಕಲಸಿದ ಒಂದು ಹಿಡಿ ತೌಡು, ನೆರಳಿನಲ್ಲಿಟ್ಟ ಮಣ್ಣಿನ ಬಟ್ಟಲಿನ ತಣ್ಣೀರು ಇವಿಷ್ಟೇ ಸಾಕು. ಅಂದು ಗೋಣಿಯ ಆಹಾರವನ್ನು ತೊರೆದು ಹಿಂಬಾಗಿಲಿಗೆ ಓಡಿದ ಹೇಂಟೆಗಳಿಗೆ ಬೇಕಾಗಿದ್ದುದು ನೀರೇ ಎಂಬುದು ಹೀಗೆ ಯೋಚಿಸಿದಾಗ ಸ್ಪಷ್ಟವಾಗುತ್ತದೆ. ಇದೇ ಕಾಲದಲ್ಲಿ ಬೀಜವನ್ನು ತಿರುಚಿ ತೆಗೆದು ಮರದಡಿಯಲ್ಲಿ ಬಿಟ್ಟ ಗೇರುಹಣ್ಣು, ತೊಳೆ ಬಿಡಿಸಿದ ಮೇಲೆ ಉಳಿಯುವ ಹಲಸಿನ ನಾರು ಇವೂ ಒದಗಿಬರುತ್ತವೆ. ಹಲಸಿನ ಬೀಜವನ್ನು ಮಾತ್ರ ಅಜ್ಜಿ ಹಸಿಯಾಗಿ ಎಂದೂ ಹಾಕಿದವಳಲ್ಲ. ಬೇಯಿಸಿ, ಕಲ್ಲಿನಲ್ಲಿ ಜಜ್ಜಿ, ಆರಿಸಿ ಹಾಕುತ್ತಿದ್ದಳು. ಹಸಿ ಬೀಜದಲ್ಲಿ ಸಸಾರಜನಕವು ಅರಗದಂತೆ ತಡೆಯುವ ವಸ್ತುವೊಂದಿದೆಯೆಂದೂ ಬೇಯಿಸಿದರೆ ಅದು ನಾಶವಾಗುವುದೆಂದೂ ನಾನು ಓದಿ ತಿಳಿದುದು ಅನೇಕ ವರ್ಷಗಳ ಅನಂತರ.

ಮೊದಲ ಮಳೆಗಳು ಬಿದ್ದ ಬಳಿಕ, ಹೊತ್ತು ಇಳಿಯುವ ವೇಳೆಯಲ್ಲಿ, ನೆಲದ ಬಿರುಕುಗಳಿಂದ ರೆಕ್ಕೆ ಬಂದ ಗೆದ್ದಲುಗಳು ಹೊರಡುವ ದಿನವೊಂದು ಬರುತ್ತದೆ. ಕೋಳಿಯ ಪಾಲಿಗೆ ಅದಕ್ಕಿಂತ ದೊಡ್ಡ ಹಬ್ಬವನ್ನು ನಾನು ಕಂಡಿಲ್ಲ. ಎಲ್ಲ ವೇಳೆಯಲ್ಲಿಯೂ ಕಾಲಿನಿಂದ ನೆಲ ಕೆದರುವುದೇ ಧರ್ಮವೆಂದು ನಡೆಯುವ ಹೇಂಟೆಯು ಅಂದು ಕೆದರುವುದಿಲ್ಲ. ಬಿರುಕಿನ ಅಂಚಿನಲ್ಲಿ ಕತ್ತನ್ನು ಓರೆ ಮಾಡಿ, ಒಂದು ಕಣ್ಣನ್ನು ನೆಲಕ್ಕೆ ನೆಟ್ಟು, ಉಸಿರು ಬಿಗಿಹಿಡಿದವಳ ಹಾಗೆ ನಿಲ್ಲುತ್ತದೆ. ಹುಳದ ತಲೆ ಕಂಡಿತೋ ಇಲ್ಲವೋ ಎನ್ನುವಷ್ಟರಲ್ಲಿ ಕೊಕ್ಕು ಇಳಿದು ಏಳುತ್ತದೆ. ಹುಳವು ಒಳಗೆ ಹೋಗಿ ಅದರ ತೆಳುವಾದ ರೆಕ್ಕೆ ಮಾತ್ರ ಕೊಕ್ಕಿನ ಮೂಲೆಯಲ್ಲಿ ಅಂಟಿಕೊಂಡಿರುತ್ತದೆ. ಆಗ ಕೊಕ್ಕನ್ನು ನೆಲಕ್ಕೆ ಎಡಬಲವಾಗಿ ಒರೆಸಿ, ಮತ್ತೆ ಅದೇ ಓರೆನೋಟ. ಗೂಡು ಸೇರುವ ಹೊತ್ತು ಮೀರಿದರೂ ಕರೆದವರ ಮಾತಿಗೆ ಕಿವಿಗೊಡದೆ, ಕಣ್ಣಿಗೆ ಕತ್ತಲು ಕವಿಯುವತನಕ ಅವು ಅಲ್ಲಿಯೇ ಇರುತ್ತವೆ. ಮರುದಿನ ಮುಂಜಾನೆ ಜಗಲಿಯ ದೀಪದಡಿಯಲ್ಲಿ ಬಿದ್ದಿರುವುದನ್ನೆಲ್ಲ ಆರಿಸಿ, ಉದುರಿದ ರೆಕ್ಕೆಗಳನ್ನಷ್ಟೇ ಗುಡಿಸುವವರಿಗೆ ಉಳಿಸುತ್ತವೆ.

ಗೆದ್ದಲಿನ ಆಹಾರವು ಮರಿಗಳಿಗಂತೂ ಅಮೃತಪ್ರಾಯವಾದುದು. ಇಪ್ಪತ್ತೊಂದು ದಿನಗಳ ಕಾವು ಮುಗಿದು ಹೊರಬಂದ ಮರಿಗೆ ಮೊದಲ ವಾರಗಳಲ್ಲಿ ಎಲುಬು, ಮಾಂಸ, ಗರಿಗಳೆಲ್ಲವೂ ಒಟ್ಟಿಗೆ ಕಟ್ಟಬೇಕಾಗಿರುವುದರಿಂದ, ನುಣ್ಣಗಿನ ನುಚ್ಚೊಂದರಿಂದಲೇ ಅದರ ಬೆಳವಣಿಗೆ ಸಾಗದು. ಹಳೆಯ ಮಣ್ಣಿನ ಮಡಕೆಯೊಳಗೆ ತೇವದ ಬೈಹುಲ್ಲನ್ನೂ ಸ್ವಲ್ಪ ಸೆಗಣಿಯನ್ನೂ ತುಂಬಿ, ಗೆದ್ದಲು ಹರಿದಾಡುವ ತಾವಿನಲ್ಲಿ ಬೋರಲು ಇಟ್ಟು, ಕೆಲವು ದಿನ ಕಳೆದು ಎತ್ತಿ ಮರಿಗಳ ಮುಂದೆ ಕೊಡವಿದರೆ ಬಿಳಿಯ ಹುಳಗಳು ಉದುರುತ್ತವೆ. ತಾಯಿಕೋಳಿಯ ಕರೆಗೆ ಮರಿಗಳು ಮುಗಿಬೀಳುತ್ತವೆ. ಇಲ್ಲಿಯೂ ಅಜ್ಜಿಯದೊಂದು ಕಟ್ಟಳೆಯಿತ್ತು: ಗುಡ್ಡದ ಬುಡದ ಒಣಮರದಲ್ಲಿ, ಕೊಳೆತ ತೆಂಗಿನ ಮಡಲಿನಲ್ಲಿ ಹಿಡಿದ ಗೆದ್ದಲನ್ನು ತರಬಹುದು, ಬನದ ಬಳಿಯ ಹುತ್ತಕ್ಕೆ ಮಾತ್ರ ಯಾರೂ ಕೈಹಾಕಲಾಗದು, ಅದು ನಾಗನದು. ನಾಗಬನಗಳನ್ನು ಕಡಿಯದೆ ಉಳಿಸಿಕೊಂಡು ಬಂದ ತುಳುನಾಡಿನಲ್ಲಿ ಕೋಳಿಮರಿಯ ಹಸಿವಿಗೂ ಒಂದು ಮೇರೆಯನ್ನು ಹಾಕಿದ್ದುದು ನನಗೆ ಈಗಲೂ ಗೌರವಾರ್ಹವಾಗಿಯೇ ಕಾಣುತ್ತದೆ.

ಅನಂತರ ಬರುವುದು ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳು ಹಿಂದೆ ಮನುಷ್ಯರಿಗೇ ಕಷ್ಟದ ತಿಂಗಳಾಗಿದ್ದು, ಕಣಜದ ಅಕ್ಕಿ ತಳ ಕಂಡು, ಹೊರಗೆ ಮಳೆ ಬಿಡದೆ ಸುರಿಯುತ್ತಿರುವಾಗ ಗೂಡಿನ ಪಾಲೂ ಕಿರಿದಾಗುತ್ತಿತ್ತು. ಕೊರತೆಗಿಂತ ದೊಡ್ಡ ಅಪಾಯವು ಈ ಕಾಲದಲ್ಲಿ ಬೂಷ್ಟಿನಿಂದ ಬರುವುದು. ಘಟ್ಟದ ಬುಡದ ಮಳೆಯ ತೇವವು ಗೋಡೆಯಲ್ಲಿ, ಬಟ್ಟೆಯಲ್ಲಿ, ಚಾಪೆಯಲ್ಲಿ ಇಳಿಯುವಂತೆಯೇ ಗೋಣಿಯೊಳಗಿನ ಹಿಂಡಿಯಲ್ಲಿಯೂ ಇಳಿದು, ಹಸುರುಮಿಶ್ರಿತ ಹಳದಿಯ ಬೂಷ್ಟು ಹಿಡಿಯುತ್ತದೆ. “ಮನುಷ್ಯರಿಗೆ ಆಗದ್ದು, ಕೋಳಿಗಾದರೂ ಆದೀತು” ಎಂದು ಹಾಕಿಬಿಡುವ ರೂಢಿ ಹಲವು ಮನೆಗಳಲ್ಲಿದೆ. ಅದು ಪ್ರಾಣಾಂತಿಕವಾದ ರೂಢಿ. 1960ರಲ್ಲಿ ಇಂಗ್ಲೆಂಡಿನ ಸಾಕಣೆಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಟರ್ಕಿಕೋಳಿಯ ಮರಿಗಳು ಕಾರಣ ತಿಳಿಯದೆ ಸತ್ತುಹೋದುವು; ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ಬಂದ ನೆಲಗಡಲೆ ಹಿಂಡಿಯಲ್ಲಿ ಬೆಳೆದ ಬೂಷ್ಟು, ಆ ಬೂಷ್ಟು ಸ್ರವಿಸಿದ ವಿಷ ಪತ್ತೆಯಾಯಿತು. ಅಫ್ಲಟಾಕ್ಸಿನ್ ಎಂಬ ಆ ವಿಷವು ಯಕೃತ್ತನ್ನು ಕೆಡಿಸುವುದು, ಬೇಯಿಸಿದರೂ ಸುಲಭದಲ್ಲಿ ನಾಶವಾಗದು. ತೌಡಿನ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿಯೇ ಇಡಬೇಕೆಂದು ನಮ್ಮ ಮನೆಯ ಹೆಂಗಸರು ಹಠ ಹಿಡಿಯುತ್ತಿದ್ದುದರ ಹಿಂದೆ ಎಂತಹ ವಿವೇಕವಿತ್ತೆಂಬುದು ಈ ವೃತ್ತಾಂತವನ್ನು ಓದಿದಾಗ ನನಗೆ ಮನದಟ್ಟಾಯಿತು.

ಮಳೆಗಾಲದ ಮತ್ತೊಂದು ಕೊರತೆ ಮೀನಿನದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆಯ ದೋಣಿಗಳು ದಕ್ಕೆಯಲ್ಲಿ ನಿಲ್ಲುತ್ತವೆ. ಉಳಿದ ತಿಂಗಳುಗಳಲ್ಲಿ ಮೀನಿನವರ ಗಾಡಿಯಲ್ಲಿ ಅಜೆಕಾರಿನವರೆಗೂ ಬರುತ್ತಿದ್ದ ಬೂತಾಯಿ ಬಂಗುಡೆಗಳು ವಿರಳವಾಗುತ್ತವೆ, ಮೀನು ಸರಿಮಾಡುವಾಗ ಕೋಳಿಯ ಪಾಲಾಗುತ್ತಿದ್ದ ತಲೆ, ಬಾಲ, ಕರುಳುಗಳೂ ಇಲ್ಲವಾಗುತ್ತವೆ. ಆಗ ಒಣಮೀನಿಗೆ ಮೊರೆಹೋಗಬೇಕು. ಆದರೆ ಒಣಮೀನಿನ ಉಪ್ಪು ಕೋಳಿಗೆ ವಿಷಸಮಾನವಾದುದರಿಂದ, ಅದನ್ನು ನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಮತ್ತೆ ತೊಳೆದು, ಸಣ್ಣಗೆ ಹರಿದು ಹಾಕುವ ತಾಳ್ಮೆ ಇರಬೇಕು. ಮಳೆ ಹಿಂದೆ ಸರಿದು ಹಗಲು ಕುಗ್ಗುತ್ತ ಬರುವಾಗ ಕೋಳಿಯು ಗರಿ ಉದುರಿಸುತ್ತದೆ. ಹೊಳೆಯುತ್ತಿದ್ದ ಹೇಂಟೆಯು ಕುತ್ತಿಗೆ ಬೋಳಾಗಿ, ಬಾಲ ಮೊಂಡಾಗಿ, ಮೊಟ್ಟೆ ನಿಲ್ಲಿಸಿ, ಮೂಲೆಯಲ್ಲಿ ನಿಂತಿರುವುದನ್ನು ಕಂಡು ರೋಗವೆಂದು ಹೆದರುವವರಿದ್ದಾರೆ. ಗರಿಯೆಂಬುದು ಬಹುಪಾಲು ಸಸಾರಜನಕವೇ ಆಗಿರುವುದರಿಂದ ಈ ಹೊತ್ತಿನಲ್ಲಿ ಅದಕ್ಕೆ ಬೇಕಾದುದು ಮೀನು, ಬೇಯಿಸಿದ ಹುರುಳಿ, ಹುಳ. ಅಕ್ಕಿಯೊಂದನ್ನೇ ಸುರಿದರೆ ಗರಿ ಬರುವುದು ತಡವಾಗುತ್ತದೆ.

ತೌಡಿನ ಪ್ರಸ್ತಾಪ ಬಂದಾಗಲೆಲ್ಲ ನನ್ನ ಮನಸ್ಸು ಅಜೆಕಾರಿನಿಂದ ಹೊರಟು ಸಮುದ್ರದಾಚೆಯ ಜಾವಾದ್ವೀಪಕ್ಕೆ ಹೋಗುತ್ತದೆ. ಇಂದು ಜಕಾರ್ತವೆನಿಸಿರುವ ಬಟೇವಿಯಾದ ಸೈನಿಕ ಆಸ್ಪತ್ರೆಯಲ್ಲಿ ಕ್ರಿಸ್ಟಿಯಾನ್ ಐಕ್ಮಾನ್ ಎಂಬ ಡಚ್ ವೈದ್ಯನು ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದನು. ರೋಗವು ಯಾವುದೋ ಕ್ರಿಮಿಯಿಂದ ಬರುವುದೆಂದು ಹೆಚ್ಚಿನವರು ನಂಬಿದ್ದ ಕಾಲವದು. 1889ರಲ್ಲಿ ಆತನ ಪ್ರಯೋಗಶಾಲೆಯ ಕೋಳಿಗಳಿಗೆ ಕಾಲು ಸೋತು, ನಿಲ್ಲಲಾರದೆ, ಬೆರಿಬೆರಿಯನ್ನು ಹೋಲುವ ರೋಗವೊಂದು ಬಂದು, ಕೆಲವು ತಿಂಗಳ ಅನಂತರ ಯಾವ ಔಷಧವೂ ಇಲ್ಲದೆ ವಾಸಿಯಾಯಿತು. ವಿಚಾರಿಸಿದಾಗ ತಿಳಿದುದು ಇಷ್ಟು: ಖರ್ಚು ಉಳಿಸುವ ಸಲುವಾಗಿ ಅಲ್ಲಿನ ಸಹಾಯಕನು ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಬಿಳಿ ಅನ್ನವನ್ನು ಅವುಗಳಿಗೆ ಹಾಕುತ್ತಿದ್ದನು, ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲೊಪ್ಪದಿದ್ದುದರಿಂದ ಮತ್ತೆ ತೌಡು ತೆಗೆಯದ ಅಕ್ಕಿಯೇ ಗತಿಯಾಯಿತು, ಕೋಳಿಗಳು ಎದ್ದುನಿಂತುವು. ಅಕ್ಕಿಯನ್ನು ಬೆಳ್ಳಗೆ ಮಾಡುವಾಗ ನಾವು ಕಳೆದುಬಿಡುವ ಆ ಕಂದುಹುಡಿಯಲ್ಲಿಯೇ ಜೀವಕ್ಕೆ ಬೇಕಾದುದೊಂದು ಇದೆಯೆಂಬ ಅರಿವು ಅಲ್ಲಿಂದ ಮೊಳೆತು, ಮುಂದೆ ಅದು ಬಿ-1 ಜೀವಸತ್ವವೆಂದು ಗೊತ್ತಾಯಿತು. 1929ರ ನೊಬೆಲ್ ಪಾರಿತೋಷಕದಲ್ಲಿ ಐಕ್ಮಾನ್‌ನಿಗೆ ಪಾಲು ದೊರೆತುದು ಈ ಕೋಳಿಗಳ ದೆಸೆಯಿಂದಲೇ.

ಈ ಕಥೆಯು ನಮ್ಮ ಸೀಮೆಯವರಿಗೆ ವಿಶೇಷವಾಗಿ ಹತ್ತಿರದ್ದು. ಕಾರ್ಕಳವು ಕುಚ್ಚಲಕ್ಕಿಯ ಮಿಲ್ಲುಗಳಿಗೆ ಹೆಸರಾದ ಊರು. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವಾಗ ಹೊರಪದರದ ಸತ್ವದ ಒಂದಂಶವು ಕಾಳಿನೊಳಕ್ಕೇ ಇಳಿಯುವುದರಿಂದ, ಕುಚ್ಚಲಕ್ಕಿಯ ಗಂಜಿಯುಣ್ಣುವವರಿಗೆ ಬೆರಿಬೆರಿಯ ಭಯ ಕಡಿಮೆ. ಬೆಳ್ತಿಗೆ ಅಕ್ಕಿಯ ತೌಡು ಬಲುಬೇಗನೆ ಕಮಟು ಹಿಡಿಯುವುದಾದರೆ, ಕುಚ್ಚಲಕ್ಕಿಯ ತೌಡು ಬೇಯಿಸಿದ ಭತ್ತದ್ದಾದ ಕಾರಣ ಹೆಚ್ಚು ದಿನ ಕೆಡದೆ ನಿಲ್ಲುತ್ತದೆ. ಆದುದರಿಂದ ನಮ್ಮಲ್ಲಿ ಬೆಳಗಿನ ಗಂಜಿತಿಳಿಯಲ್ಲಿ ತೌಡು ಕಲಸಿ ಕೋಳಿಗೆ ಹಾಕುವವಳು, ಮಿಕ್ಕುದನ್ನು ಕೊಡುತ್ತಿರುವೆನೆಂದು ಎಣಿಸಿಕೊಂಡಿದ್ದರೂ, ವಾಸ್ತವವಾಗಿ ಧಾನ್ಯದ ಉತ್ತಮಾಂಶವನ್ನೇ ಕೊಡುತ್ತಿದ್ದಳು. ಹಲಸಿನ ಬೀಜ, ಮೀನಿನ ತಲೆ, ಸೌತೆಯ ತಿರುಳು, ಅಕ್ಕಿಯ ತೌಡು, ಹೀಗೆ ಮನೆಯು ಕೀಳೆಂದು ಬದಿಗಿಟ್ಟುದರಲ್ಲಿ ಎಷ್ಟು ಸಾರವಿದೆಯೆಂಬುದನ್ನು ಕೋಳಿಯು ನಮಗಿಂತ ಮೊದಲೇ ಬಲ್ಲುದು. ಪೇಟೆಯ ಗೋಣಿಯ ಮಿಶ್ರಣಗಳಲ್ಲಿಯೂ ಎಣ್ಣೆ ತೆಗೆದ ತೌಡು ಸೇರಿರುವುದುಂಟು. ಗೋಣಿಗೂ ಹಿಂಬಾಗಿಲಿಗೂ ನಾನು ಭಾವಿಸಿದ್ದಷ್ಟು ವಿರೋಧವಿಲ್ಲ.

ತಿನಿಸಿನ ವಿಷಯದಲ್ಲಿ ಹುಂಜನ ನಡತೆಯನ್ನು ಹೇಳದಿದ್ದರೆ ಈ ಮಾತು ಅಪೂರ್ಣವಾದೀತು. ಹರಿವೆಸೊಪ್ಪಿನ ದಂಟಿನಲ್ಲಿದ್ದ ಹಸುರು ಹುಳವೊಂದನ್ನು ನಮ್ಮ ಕೆಂಪುಹುಂಜನ ಮುಂದೆ ಹಾಕಿದಾಗ ಅದು ಮಾಡಿದುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹುಳವನ್ನು ಕೊಕ್ಕಿನಿಂದ ಎತ್ತಿತು, ಕೆಳಗಿಟ್ಟಿತು. ಮತ್ತೆ ಎತ್ತಿತು, ಮತ್ತೆ ಇಟ್ಟಿತು. ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ, ಗಂಟಲಿನಲ್ಲಿಯೇ ಹುಟ್ಟುವ ಮೆಲುದನಿಯಿಂದ ಒಂದೇ ಸಮನೆ ಕರೆಯುತ್ತ ನಿಂತಿತು. ಹೇಂಟೆಯೊಂದು ಬಂದು ಅದರ ಕೊಕ್ಕಿನ ಕೆಳಗಿನಿಂದಲೇ ಹುಳವನ್ನು ಎತ್ತಿಕೊಂಡು ಹೋದ ಮೇಲೆ, ಬರಿದಾದ ನೆಲವನ್ನು ಒಮ್ಮೆ ಕೆದರಿ, ಮೈ ಕೊಡವಿಕೊಂಡು ಮುಂದೆ ನಡೆಯಿತು. ಕುಕ್ಕುಟದಿಂದ ಕಲಿಯಬೇಕಾದ ನಾಲ್ಕು ಗುಣಗಳನ್ನು ಹೇಳುವಾಗ ಚಾಣಕ್ಯನೀತಿಯು ಸಕಾಲದಲ್ಲಿ ಏಳುವುದನ್ನೂ ಯುದ್ಧವನ್ನೂ ಸೇರಿಸಿ, ಬಂಧುಗಳೊಡನೆ ಹಂಚಿಕೊಳ್ಳುವುದನ್ನೂ ಎಣಿಸಿದೆ. ಹುಂಜನನ್ನು ಕಾಳಗದ ಕಣದಲ್ಲಿ ಮಾತ್ರ ಮೆಚ್ಚುವ ನಮ್ಮ ನಾಡಿನಲ್ಲಿ ಈ ಮೂರನೆಯ ಗುಣವನ್ನು ಮೆಚ್ಚುವವರು ಇನ್ನಷ್ಟು ಮಂದಿ ಇರಬೇಕಾಗಿತ್ತೆಂದು ನನ್ನ ಹಂಬಲ.

ಹಸುರಿನ ಗುಣವು ಮೊಟ್ಟೆಯಲ್ಲಿ ಕಾಣುತ್ತದೆ. ಹುಲ್ಲು, ಹರಿವೆ, ಬಸಳೆಯ ಎಲೆಗಳನ್ನು ತಿಂದು ತಿರುಗಾಡುವ ಊರಕೋಳಿಯ ಮೊಟ್ಟೆ ಒಡೆದರೆ ಭಂಡಾರವು ಕೇಸರಿಗೆ ತಿರುಗಿದ ಹಳದಿಯಾಗಿರುತ್ತದೆ. ಕೂಡಿಹಾಕಿ ಬರಿ ನುಚ್ಚು ಹಾಕಿದರೆ ಬೆಳ್ಳಗಾಗುತ್ತದೆ. ಸೊಪ್ಪಿನಲ್ಲಿರುವ ಆ ಹಳದಿಯ ವರ್ಣದ್ರವ್ಯವೇ ಕೋಳಿಯ ಕಾಲಿಗೂ ಬಣ್ಣ ಕೊಡುವುದು. ಸಾಕುಕೋಳಿಯ ಮೂಲಪುರುಷನು ಕೆಂಪು ಕಾಡುಕೋಳಿಯೇ ಆದರೂ, ಹಳದಿ ಚರ್ಮದ ಗುಣವು ಮಾತ್ರ ದಕ್ಷಿಣಭಾರತದ ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನಮ್ಮ ಘಟ್ಟದ ತಪ್ಪಲಿನಲ್ಲಿ ಮುಂಜಾನೆ ಕೂಗುವುದು ಆ ಬೂದು ಕಾಡುಕೋಳಿಯೇ. ಬಿದಿರು ಹೂತು ಬೀಜ ಉದುರುವ ವರ್ಷಗಳಲ್ಲಿ ಅದು ಹಿಂಡುಹಿಂಡಾಗಿ ಬಂದು ಬಿದಿರಕ್ಕಿ ಮೇಯುತ್ತದೆ. ಉಳಿದ ದಿನಗಳಲ್ಲಿ ಗೆದ್ದಲು, ಹಣ್ಣು, ಚಿಗುರು. ಕಾಲ ಕೊಟ್ಟುದನ್ನು ಕಾಲಕ್ಕೆ ತಿನ್ನುವ ಆ ಕಾಡಿನ ಅಭ್ಯಾಸವನ್ನು ಅಂಗಳದ ಕೋಳಿಯು ಮರೆತಿಲ್ಲವೆಂಬುದೇ, ನನ್ನನ್ನು ಅಲೆದಾಡಿಸಿದ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ.

ಇಷ್ಟು ಅಕ್ಕರೆಯಿಂದ ಉಣಿಸಿದ ಕೋಳಿಯು ಕೊನೆಗೆ ಎಲ್ಲಿಗೆ ಹೋಗುವುದೆಂದು ಕೇಳಬಹುದು. ನಮ್ಮ ಕಡೆ ದೈವಕ್ಕೆ ಹರಕೆಯೆಂದು ಬಿಟ್ಟ ಕೋಳಿಯಿರುತ್ತದೆ, ಎಡೆಯಿಡುವ ಅಗೆಲಿಗೆ ಬೇಕಾದುದಿರುತ್ತದೆ, ನೆಂಟರು ಬಂದಾಗ ಕೋಳಿರೊಟ್ಟಿಯಾಗುವುದೂ ಇರುತ್ತದೆ. ಇದನ್ನು ಮರೆಮಾಡುವುದರಲ್ಲಿ ಅರ್ಥವಿಲ್ಲ. ಹರಕೆಯ ಕೋಳಿಗೆ ಉಳಿದವುಗಳಿಗಿಂತ ಒಂದು ಹಿಡಿ ಹೆಚ್ಚು ಹಾಕುತ್ತಿದ್ದ ಅಜ್ಜಿಯನ್ನು ನಾನು ಬಾಲ್ಯದಲ್ಲಿ ಕೇಳಿದಾಗ, “ನಮಗೆ ಕೊಡುವುದಕ್ಕೆ ನಾವು ಕಡಿಮೆ ಮಾಡಬಾರದು” ಎಂದಷ್ಟೇ ಹೇಳಿದ್ದಳು. ಒಂದು ಜೀವದಿಂದ ಮೊಟ್ಟೆಯನ್ನಾಗಲಿ ಮಾಂಸವನ್ನಾಗಲಿ ಪಡೆಯುವವನಿಗೆ, ಅದು ಬದುಕಿರುವಷ್ಟು ಕಾಲ ಅದರ ಹಸಿವನ್ನು ಅರಿತು ನಡೆಯುವ ಋಣವಿದೆಯೆಂಬ ಈ ತಿಳಿವಳಿಕೆಗಿಂತ ದೊಡ್ಡ ಧರ್ಮವನ್ನು ಕೋಳಿಸಾಕಣೆಯ ಯಾವ ಪುಸ್ತಕದಲ್ಲಿಯೂ ನಾನು ಕಂಡಿಲ್ಲ.

ಆದುದರಿಂದ ಮನೆಯಲ್ಲಿ ನಾಲ್ಕು ಕೋಳಿ ಸಾಕುವ ನನ್ನ ಊರವರಲ್ಲಿ ನನ್ನದೊಂದು ಬಿನ್ನಹ. ಮೊಟ್ಟೆಯಿಡುವ ಹೇಂಟೆಗೆ ಮೂಲ ಆಹಾರವು ಸಮತೋಲದ್ದಾಗಿಯೇ ಇರಲಿ. ಹಣ್ಣು ಸೊಪ್ಪು ತಿನಿಸುಗಳು ಅದರ ಹತ್ತನೆಯ ಒಂದಂಶವನ್ನು ಮೀರದಿರಲಿ. ಮೊಟ್ಟೆಯ ಚಿಪ್ಪು ಹೆಚ್ಚಾಗಿ ಕಟ್ಟುವುದು ರಾತ್ರಿಯಾದುದರಿಂದ, ಮರುವಾಯಿಯ ಚಿಪ್ಪನ್ನು ಕುಟ್ಟಿ ಸಂಜೆಯ ಹೊತ್ತು ಒಂದು ಬಟ್ಟಲಿನಲ್ಲಿಡಿ. ಉಪ್ಪಿನದು, ಬೂಷ್ಟು ಹಿಡಿದುದು, ಹಸಿ ಮರಗೆಣಸಿನ ಸಿಪ್ಪೆ ಇವು ಬೇಡವೇ ಬೇಡ. ಇವೆಲ್ಲಕ್ಕೂ ಮಿಗಿಲಾಗಿ, ಮನೆಯ ಸುತ್ತ ಕೆಸರಾಗದಿರಲೆಂದು ಅಂಗಳವನ್ನು ಗೋಡೆಯಿಂದ ಗೋಡೆಯವರೆಗೆ ಇಂಟರ್‌ಲಾಕ್ ಕಲ್ಲು ಹಾಸಿ ಮುಚ್ಚುವ ಈ ದಿನಗಳಲ್ಲಿ, ಒಂದು ಮೂಲೆಯನ್ನಾದರೂ ಮಣ್ಣಾಗಿಯೇ ಬಿಡಿ. ಹುಳ, ಹುಲ್ಲು, ಹರಳುಕಲ್ಲು, ಗೆದ್ದಲು, ಮೈಹೊರಳಿಸುವ ಧೂಳು ಇವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಮಣ್ಣಿದ್ದಲ್ಲಿ ಅವು ಆಯಾ ಕಾಲಕ್ಕೆ ತಾವಾಗಿಯೇ ಬರುತ್ತವೆ.